ವಿಭಕ್ತ ಮತ್ತು ಅವಿಭಕ್ತ ಕುಟುಂಬಗಳು: ಮಾದನಾಯಕನಹಳ್ಳಿಯ ನೆಲೆಯಿಂದ ಒಂದು ತೌಲನಿಕ ವಿವೇಚನೆ

ಕುಟುಂಬವನ್ನು ಕುರಿತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಒಂದು ಅಭಿಪ್ರಾಯವುಂಟು. ಹಿಂದಿನವರೆಲ್ಲರೂ ಅವಿಭಕ್ತ ಕುಟುಂಬಗಳಲ್ಲಿ ಬಾಳುತ್ತಿದ್ದರು. ಕೈಗಾರಿಕೆಯೂ ನಗರವೂ ಬೆಳೆದಂತೆಲ್ಲ ಆ ಕುಟುಂಬಗಳು ಒಡೆದು, ಗಂಡ ಹೆಂಡತಿ ಮಕ್ಕಳು ಮಾತ್ರ ಇರುವ ವಿಭಕ್ತ ಕುಟುಂಬಗಳಾದವು. ಪಾಶ್ಚಾತ್ಯ ದೇಶಗಳಲ್ಲಿ ಮೊದಲೇ ನಡೆದ ಈ ಕ್ರಿಯೆ ನಮ್ಮಲ್ಲಿ ಈಗ ನಡೆಯುತ್ತಿದೆ ಎಂಬುದೇ ಆ ಅಭಿಪ್ರಾಯ. ಇದರಲ್ಲಿ ಸತ್ಯಾಂಶ ಇಲ್ಲವೆಂದಲ್ಲ. ಆದರೆ ಚರಿತ್ರೆಯ ಆಧಾರಗಳ ಎದುರಿನಲ್ಲಿಟ್ಟು ನೋಡಿದರೆ ಈ ಹೇಳಿಕೆಯ ಒಂದೊಂದು ಭಾಗವೂ ತಿದ್ದುಪಡಿಯನ್ನು ಬೇಡುತ್ತದೆ. ಬೆಂಗಳೂರು ಉತ್ತರ ತಾಲ್ಲೂಕಿನ ಮಾದನಾಯಕನಹಳ್ಳಿ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಮುಂದಿಟ್ಟುಕೊಂಡು, ಅನ್ಯ ಸಮಾಜಗಳೊಡನೆ ಹೋಲಿಸಿ, ಈ ವಿಷಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪ್ರದೇಶ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯಕ್ಕೂ ನೆಲಮಂಗಲಕ್ಕೂ ನಡುವೆ ಮಾದನಾಯಕನಹಳ್ಳಿ ಇದೆ. ಮಾದಾವರ, ಮಾಕಳಿ, ದಾಸನಪುರ ಇದರ ನೆರೆಯ ಊರುಗಳು. ಮೂಲತಃ ಇದು ರಾಗಿ, ಅವರೆ, ಹುರುಳಿಗಳ ಮಳೆಯಾಧಾರದ ಬೇಸಾಯದ ನಾಡು. ೧೯೭೦ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ರೂಪುಗೊಂಡ ಮೇಲೆ ಕಾರ್ಖಾನೆಗಳೂ ಉಗ್ರಾಣಗಳೂ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹರಡಿದವು. ೨೦೨೪ರ ನವೆಂಬರಿನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಮೆಟ್ರೋ ರೈಲು ಬಂದಿತು.

ಈ ಬದಲಾವಣೆಯ ಫಲವಾಗಿ ಇಂದು ಒಂದೇ ಊರಿನಲ್ಲಿ ಎರಡು ಬಗೆಯ ಕುಟುಂಬಗಳು ಗೋಡೆಗೆ ಗೋಡೆ ತಾಗಿಕೊಂಡು ಬಾಳುತ್ತಿವೆ. ಮೊದಲನೆಯವು, ತಲೆಮಾರುಗಳಿಂದ ಇಲ್ಲಿಯೇ ಜಮೀನು ಉಳ್ಳ ಮೂಲನಿವಾಸಿಗಳ ಮನೆತನಗಳು. ಎರಡನೆಯವು, ಕಾರ್ಖಾನೆಯ ಕೆಲಸಕ್ಕಾಗಿ ರಾಜ್ಯದ ಬೇರೆ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದು ಸಾಲುಮನೆಗಳಲ್ಲಿ ಬಾಡಿಗೆಗಿರುವ ಸಂಸಾರಗಳು. ಮೊದಲನೆಯವನ್ನು ಅವಿಭಕ್ತವೆಂದೂ ಎರಡನೆಯವನ್ನು ವಿಭಕ್ತವೆಂದೂ ಹೆಸರಿಸಿ ಮುಗಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಎರಡನ್ನೂ ಅರ್ಥಮಾಡಿಕೊಂಡಂತೆ ಆಗುವುದಿಲ್ಲ.

೨. ನಾಲ್ಕು ಬಂಧಗಳು

ಅವಿಭಕ್ತ ಕುಟುಂಬವೆಂದರೇನು? ಇರಾವತಿ ಕರ್ವೆಯವರು ೧೯೫೩ರಲ್ಲಿ ಪ್ರಕಟವಾದ ತಮ್ಮ ಬಂಧುತ್ವ ಕುರಿತ ಗ್ರಂಥದಲ್ಲಿ ಇದಕ್ಕೆ ಕೆಲವು ಲಕ್ಷಣಗಳನ್ನು ಹೇಳಿದ್ದಾರೆ. ಒಂದೇ ಸೂರಿನಡಿ ವಾಸ, ಒಂದೇ ಒಲೆಯ ಊಟ, ಸಮಾನವಾದ ಆಸ್ತಿ, ಒಟ್ಟಾದ ದೇವತಾರಾಧನೆ, ಇವುಗಳ ಜೊತೆಗೆ ರಕ್ತಸಂಬಂಧ ಅಥವಾ ವಿವಾಹಸಂಬಂಧ ಎಂಬುವೇ ಅವು. ಗುಜರಾತಿನ ಮಹುವಾ ಪಟ್ಟಣವನ್ನು ಅಧ್ಯಯನ ಮಾಡಿದ ಐ. ಪಿ. ದೇಸಾಯಿಯವರು ೧೯೬೪ರಲ್ಲಿ ಬೇರೊಂದು ಅಂಶವನ್ನು ಎತ್ತಿ ತೋರಿಸಿದರು. ಬೇರೆ ಬೇರೆ ಮನೆಗಳಲ್ಲಿ ಇರುವವರೂ ಪರಸ್ಪರ ಹೊಣೆಗಳಿಂದ ಕಟ್ಟುಬಿದ್ದಿದ್ದರೆ ಅವರನ್ನು ವಿಭಕ್ತರೆನ್ನುವುದು ಸರಿಯಲ್ಲವೆಂಬುದು ಅವರ ವಾದದ ತಿರುಳು.

ಈ ಎರಡು ವಿಚಾರಗಳನ್ನೂ ಕೂಡಿಸಿದರೆ ಕುಟುಂಬವನ್ನು ಹಿಡಿದಿಡುವ ನಾಲ್ಕು ಬಂಧಗಳನ್ನು ಗುರುತಿಸಬಹುದು: ಒಲೆ, ಭೂಮಿ, ದೇವರು, ಹೊಣೆ. ದೇವರು ಎಂಬುದರಲ್ಲಿ ಮನೆದೇವರ ಪೂಜೆಯೂ ಸೂತಕದ ಆಚರಣೆಯೂ ಸೇರುತ್ತವೆ. ಹೊಣೆ ಎಂಬುದರಲ್ಲಿ ಮುಪ್ಪಿನವರ ಪೋಷಣೆ, ಮಕ್ಕಳ ಲಾಲನೆ, ಮದುವೆಯ ಖರ್ಚು, ಕಷ್ಟಕಾಲದ ನೆರವು ಸೇರುತ್ತವೆ. ಈ ನಾಲ್ಕೂ ಒಮ್ಮೆಗೇ ಕಡಿದುಹೋಗುವುದು ಅಪರೂಪ. ಯಾವ ಬಂಧ ಮೊದಲು ಸಡಿಲವಾಗುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ ಎಂಬುದರಲ್ಲಿಯೇ ಸಮಾಜ ಸಮಾಜಗಳಿಗೆ ವ್ಯತ್ಯಾಸವಿದೆ.

೩. ತಲೆಯೆಣಿಕೆಯ ಮಿತಿ

ನಮ್ಮ ಜನಗಣತಿಯು ಒಟ್ಟಿಗೆ ವಾಸಮಾಡುತ್ತ ಒಂದೇ ಅಡುಗೆಮನೆಯಿಂದ ಉಣ್ಣುವವರನ್ನು ಒಂದು ಮನೆವಾರ್ತೆಯೆಂದು ಎಣಿಸುತ್ತದೆ. ಅಂದರೆ ನಾಲ್ಕು ಬಂಧಗಳಲ್ಲಿ ಅದು ಅಳೆಯುವುದು ಒಲೆಯೊಂದನ್ನೇ. ೧೯೫೧ರ ಜನಗಣತಿಯಲ್ಲಿ ಸರಾಸರಿ ಮನೆವಾರ್ತೆಯಲ್ಲಿ ಸುಮಾರು ೫ ಮಂದಿ ಇದ್ದರು. ಚಿಕ್ಕ ಮನೆವಾರ್ತೆಗಳು ಇಷ್ಟು ಹೆಚ್ಚಾಗಿರುವುದನ್ನು ಕಂಡು, ಅವಿಭಕ್ತ ಪದ್ಧತಿಯು ಸಡಿಲಗೊಳ್ಳುತ್ತಿರುವುದಕ್ಕೆ ಇದು ಸೂಚನೆಯೆಂದು ಆಗಿನ ವರದಿ ಅಭಿಪ್ರಾಯಪಟ್ಟಿತು. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ಗಣತಿಗಳಲ್ಲಿಯೂ ಸರಾಸರಿಯು ಇದಕ್ಕಿಂತ ಬಹಳ ಹೆಚ್ಚಾಗಿರಲಿಲ್ಲವಾದುದರಿಂದ, ಈ ತೀರ್ಮಾನವನ್ನು ಅನಂತರದ ವಿದ್ವಾಂಸರು ಒಪ್ಪಲಿಲ್ಲ.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡನ್ನು ನೋಡಬಹುದು. ಪೀಟರ್ ಲ್ಯಾಸ್ಲೆಟ್ ಮತ್ತು ಅವರ ಕೇಂಬ್ರಿಜ್ ಸಂಗಡಿಗರು ಹದಿನಾರನೆಯ ಶತಮಾನದ ಉತ್ತರಾರ್ಧದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗಿನ ನೂರು ಊರುಗಳ ಜನರ ಪಟ್ಟಿಗಳನ್ನು ಪರಿಶೀಲಿಸಿದರು. ಅಲ್ಲಿನ ಸರಾಸರಿ ಮನೆವಾರ್ತೆ ೪.೭೫ ಮಂದಿಯದು. ಕಾರ್ಖಾನೆಗಳು ಹುಟ್ಟುವ ಮೊದಲೇ ಇಂಗ್ಲೆಂಡಿನ ಸಾಮಾನ್ಯ ಜನರು ಚಿಕ್ಕ ಸಂಸಾರಗಳಲ್ಲಿ ಬಾಳುತ್ತಿದ್ದರೆಂಬುದು ಇದರಿಂದ ಸ್ಪಷ್ಟವಾಯಿತು. ಕೈಗಾರಿಕೆಯೇ ಅವಿಭಕ್ತ ಕುಟುಂಬವನ್ನು ಒಡೆಯಿತೆಂಬ ವಾದಕ್ಕೆ ಅದರ ತವರುಮನೆಯಲ್ಲಿಯೇ ಆಧಾರ ದೊರೆಯಲಿಲ್ಲ.

ಭಾರತದ ೫ಕ್ಕೂ ಇಂಗ್ಲೆಂಡಿನ ೪.೭೫ಕ್ಕೂ ಅಂತರ ಅತ್ಯಲ್ಪ. ಆದರೂ ಎರಡು ಮನೆಗಳ ಒಳರಚನೆ ಬೇರೆ. ಇಂಗ್ಲೆಂಡಿನ ಮನೆಯಲ್ಲಿ ಯಜಮಾನನ ಹೆಂಡತಿ ಮಕ್ಕಳೊಡನೆ ಅನ್ಯರ ಮನೆಯಿಂದ ದುಡಿಯಲು ಬಂದ ಹರೆಯದ ಆಳುಗಳು ಸೇರಿದ್ದರು. ನಮ್ಮ ಮನೆಯಲ್ಲಿ ವಿಧವೆ ತಾಯಿ, ಮದುವೆಯಾಗದ ತಮ್ಮ, ಹೊಸದಾಗಿ ಬಂದ ಸೊಸೆ ಸೇರಿದ್ದರು. ತಲೆಗಳನ್ನು ಎಣಿಸಿದರೆ ಲೆಕ್ಕ ಒಂದೇ. ಸಂಬಂಧಗಳನ್ನು ನೋಡಿದರೆ ಎರಡು ಲೋಕ.

೪. ಯೂರೋಪು ಮತ್ತು ಜಪಾನ್

ಈ ವ್ಯತ್ಯಾಸದ ಮೂಲವನ್ನು ಜಾನ್ ಹಾಜ್ನಲ್ ೧೯೬೫ರಲ್ಲಿ ವಿವಾಹದ ವಯಸ್ಸಿನಲ್ಲಿ ಕಂಡರು. ಸೇಂಟ್ ಪೀಟರ್ಸ್‌ಬರ್ಗಿನಿಂದ ಟ್ರಿಯೆಸ್ಟ್‌ವರೆಗೆ ಒಂದು ಗೆರೆ ಎಳೆದರೆ, ಅದರ ಪಶ್ಚಿಮದ ದೇಶಗಳಲ್ಲಿ ಹೆಣ್ಣುಮಕ್ಕಳ ಮದುವೆ ಇಪ್ಪತ್ತರ ದಶಕದ ನಡುವಿನಲ್ಲಿ ನಡೆಯುತ್ತಿತ್ತು. ಅನೇಕರು ಮದುವೆಯನ್ನೇ ಆಗುತ್ತಿರಲಿಲ್ಲ. ಬೇರೆ ಮನೆ ಹೂಡುವಷ್ಟು ಗಳಿಸಿದ ಮೇಲೆಯೇ ಮದುವೆ ಎಂಬುದು ಅಲ್ಲಿನ ನಿಯಮ. ಆದುದರಿಂದ ಮದುವೆಯ ದಿನವೇ ಒಲೆ ಬೇರೆಯಾಗುತ್ತಿತ್ತು. ನಮ್ಮಲ್ಲಿ ಮದುವೆ ಬೇಗ ನಡೆದು, ಸೊಸೆಯು ಅತ್ತೆಯ ಒಲೆಗೆ ಬಂದು ಸೇರುತ್ತಿದ್ದಳು. ಒಲೆ ಬೇರೆಯಾಗುವುದು ಮದುವೆಯಾದ ಎಷ್ಟೋ ವರ್ಷಗಳ ಮೇಲೆ. ಯೂರೋಪೆಲ್ಲವೂ ಇಂಗ್ಲೆಂಡಿನಂತೆ ಇತ್ತೆಂದು ಭಾವಿಸಬಾರದು. ದಕ್ಷಿಣ ಸ್ಲಾವ್ ಜನರಲ್ಲಿ ‘ಜಾದ್ರುಗ’ ಎಂಬ, ಅಣ್ಣತಮ್ಮಂದಿರು ಜಮೀನನ್ನು ಒಟ್ಟಾಗಿ ಉಳುವ ಕುಟುಂಬ ಪದ್ಧತಿ ದೀರ್ಘಕಾಲ ಉಳಿದಿತ್ತು.

ಜಪಾನಿನ ‘ಇಎ’ ಎಂಬ ಮನೆತನವು ಮೂರನೆಯ ಮಾದರಿ. ಅಲ್ಲಿ ಸಾಮಾನ್ಯವಾಗಿ ಹಿರಿಯ ಮಗನೊಬ್ಬನು ಹೆಂಡತಿ ಮಕ್ಕಳೊಡನೆ ತಂದೆತಾಯಿಗಳ ಮನೆಯಲ್ಲಿ ನಿಲ್ಲುತ್ತಾನೆ, ಉಳಿದವರು ಹೊರಹೋಗುತ್ತಾರೆ. ಆಸ್ತಿ ಹಂಚಿಹೋಗುವುದಿಲ್ಲ, ಮುದುಕರು ಒಂಟಿಯಾಗುವುದಿಲ್ಲ. ೧೮೯೮ರ ನಾಗರಿಕ ಸಂಹಿತೆಯು ಈ ಪದ್ಧತಿಗೆ ಕಾನೂನಿನ ಬಲ ಕೊಟ್ಟಿತು. ೧೯೪೭ರಲ್ಲಿ ಅದು ರದ್ದಾಯಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಇಂಗ್ಲೆಂಡಿನ ಚಿಕ್ಕ ಸಂಸಾರವು ತನ್ನ ಕಾಲ ಮೇಲೆ ತಾನೇ ನಿಂತಿದ್ದುದಲ್ಲ. ೧೬೦೧ರ ಬಡವರ ಕಾಯಿದೆಯು ದುಡಿಯಲಾರದ ಮುದುಕರ, ವಿಧವೆಯರ, ಅನಾಥರ ಪೋಷಣೆಯನ್ನು ಆಯಾ ಇಗರ್ಜಿಯ ಸೀಮೆಗೆ ಒಪ್ಪಿಸಿ, ಅದಕ್ಕಾಗಿ ತೆರಿಗೆ ಎತ್ತುವಂತೆ ವಿಧಿಸಿತು. ಜಪಾನಿನಲ್ಲಿ ಹಿರಿಯ ಮಗನ ಹೊಣೆ ಕಾನೂನಿನಿಂದ ಸಡಿಲವಾದ ತರುವಾಯ ಪಿಂಚಣಿಯ ಏರ್ಪಾಡು ಬೆಳೆಯಿತು. ೨೦೦೦ದಲ್ಲಿ ವೃದ್ಧರ ಶುಶ್ರೂಷೆಗೆಂದೇ ವಿಮೆ ಜಾರಿಗೆ ಬಂದಿತು. ವಿಭಕ್ತ ಕುಟುಂಬ ಎಲ್ಲಿ ನೆಲೆಯೂರಿದೆಯೋ ಅಲ್ಲಿ ಅದರ ಬೆನ್ನಿಗೆ ಮತ್ತಾವುದೋ ಒಂದು ಆಸರೆ ಇದ್ದೇ ಇದೆ. ಮಾದನಾಯಕನಹಳ್ಳಿಯನ್ನು ಕುರಿತು ಕೇಳಬೇಕಾದ ಪ್ರಶ್ನೆಯೂ ಇದೇ.

೫. ಕನ್ನಡನಾಡಿನ ಪದ್ಧತಿಗಳು

ಆ ಪ್ರಶ್ನೆಗೆ ಬರುವ ಮೊದಲು ನಮ್ಮ ನಾಡಿನ ಪದ್ಧತಿಗಳನ್ನು ಸಂಕ್ಷೇಪವಾಗಿ ನೋಡುವುದು ಅವಶ್ಯಕ. ಹಿಂದೂ ಅವಿಭಕ್ತ ಕುಟುಂಬದ ಧರ್ಮಶಾಸ್ತ್ರಕ್ಕೆ ಆಧಾರಗ್ರಂಥವಾದ ‘ಮಿತಾಕ್ಷರ’ವು ಕನ್ನಡನಾಡಿನಲ್ಲಿ ಹುಟ್ಟಿತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಇದರ ಸಿದ್ಧಾಂತ. ಬಂಗಾಳದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರವಾದರೋ ತಂದೆ ಬದುಕಿರುವವರೆಗೆ ಮಗನಿಗೆ ಹಕ್ಕಿಲ್ಲ. ಮಿತಾಕ್ಷರವು ಕುಟುಂಬವನ್ನು ಒಟ್ಟಿಗೆ ಕಟ್ಟುವ ಶಾಸ್ತ್ರವೆಂದು ಪ್ರಸಿದ್ಧವಾಗಿದೆ. ಆದರೆ ಹುಟ್ಟಿನಿಂದ ಹಕ್ಕು ಬಂದ ಮಗನು ತಂದೆಯ ಜೀವಿತಕಾಲದಲ್ಲಿಯೇ ಪಾಲು ಕೇಳಬಹುದೆಂಬುದೂ ಅದೇ ಸಿದ್ಧಾಂತದ ಫಲ. ಆದಕಾರಣ ಪಾಲಾಗುವುದು ನಗರವು ತಂದ ಹೊಸ ರೋಗವಲ್ಲ. ಒಂದು ಮನೆ ಬೆಳೆಯುವುದು, ಅಣ್ಣತಮ್ಮಂದಿರು ಪಾಲಾಗುವುದು, ಪ್ರತಿಯೊಂದು ಪಾಲೂ ಮತ್ತೆ ಬೆಳೆಯುವುದು ಹಳೆಯ ಗ್ರಾಮಜೀವನದಲ್ಲಿ ಸುತ್ತಿ ಸುತ್ತಿ ಬರುತ್ತಿದ್ದ ಕ್ರಮ.

ಎಲ್ಲ ಕಡೆಯೂ ಹೀಗಿರಲಿಲ್ಲ. ಎಂ. ಎನ್. ಶ್ರೀನಿವಾಸರು ೧೯೫೨ರಲ್ಲಿ ಪ್ರಕಟವಾದ ಕೊಡವರನ್ನು ಕುರಿತ ಗ್ರಂಥದಲ್ಲಿ ವಿವರಿಸಿದ ‘ಒಕ್ಕ’ವು ಒಬ್ಬ ಮೂಲಪುರುಷನ ಸಂತತಿ, ಐನ್‌ಮನೆಯೂ ಅದರ ಕೈಮಡವೂ ಒಕ್ಕದ ಕೇಂದ್ರ. ಇಂದು ಒಕ್ಕದವರು ಊರೂರುಗಳಲ್ಲಿ ಚದುರಿದ್ದರೂ ಹಬ್ಬಕ್ಕೂ ಪೂರ್ವಿಕರ ಆರಾಧನೆಗೂ ಐನ್‌ಮನೆಯಲ್ಲಿ ಕೂಡುವುದುಂಟು. ಒಲೆ ಬೇರೆಯಾದರೂ ದೇವರು ಬೇರೆಯಾಗಿಲ್ಲ. ದಕ್ಷಿಣ ಕನ್ನಡ, ಕಾಸರಗೋಡು ಸೀಮೆಯ ಅಳಿಯಸಂತಾನದಲ್ಲಿ ಕುಟುಂಬವು ತಾಯಿಯ ಕಡೆಯಿಂದ ಎಣಿಕೆಯಾಗುತ್ತದೆ. ಆಸ್ತಿಯು ಸೋದರಮಾವನಿಂದ ಸೋದರಳಿಯನ ಕಡೆಗೆ ಸಾಗುತ್ತಿತ್ತು. ೧೯೪೯ರ ಮದರಾಸು ಅಳಿಯಸಂತಾನ ಅಧಿನಿಯಮವು ಅಲ್ಲಿ ಪಾಲಿಗೆ ದಾರಿ ಮಾಡಿತು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದುದರಿಂದ, ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿದ ಕೇರಳದ ೧೯೭೫ರ ಕಾನೂನು ಅಲ್ಲಿನ ಕನ್ನಡ, ತುಳು ಮನೆತನಗಳಿಗೂ ಅನ್ವಯಿಸಿತು. ಗಡಿಯ ಈಚೆಗೆ ಅಂಥ ಕಾನೂನು ಬರಲಿಲ್ಲ.

ನಮ್ಮ ಭಾಷೆಯೂ ಒಂದು ಸಾಕ್ಷ್ಯ. ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಇಬ್ಬರೂ ‘ಅಪ್ಪ’ಂದಿರೇ, ಅವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿಯರು. ತಾಯಿಯ ಸೋದರನೋ ‘ಮಾವ’. ಹೆಣ್ಣು ಕೊಟ್ಟವನೂ ‘ಮಾವ’. ಇಂಗ್ಲಿಷಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ತಾಯಿಯ ಸೋದರ ಇವರ ನಡುವಣ ಭೇದವನ್ನು ಅಳಿಸಿ ‘ಅಂಕಲ್’ ಎಂಬ ಒಂದೇ ಮಾತಿದೆ. ಲೂಯಿಸ್ ಮಾರ್ಗನ್ ೧೮೭೧ರಲ್ಲಿ ಲೋಕದ ಬಂಧುವಾಚಕಗಳನ್ನು ಹೋಲಿಸಿದಾಗ ತಮಿಳು, ತೆಲುಗುಗಳ ಜೊತೆಗೆ ಕನ್ನಡದ ಪದಗಳನ್ನೂ ಪಟ್ಟಿಮಾಡಿದನು. ಪಾಲಾದ ಮನೆಯ ಮಗುವೂ ದೊಡ್ಡಪ್ಪನನ್ನು ದೊಡ್ಡಪ್ಪನೆಂದೇ ಕರೆಯುತ್ತದೆ.

೬. ಮೂಲನಿವಾಸಿಗಳು: ಒಲೆ ಮತ್ತು ಭೂಮಿ

ಮಾದನಾಯಕನಹಳ್ಳಿಯ ಸುತ್ತಿನ ಹಳೆಯ ಮನೆತನಗಳಲ್ಲಿ ಒಲೆಯು ಬೇಗ ಬೇರೆಯಾಗುವುದು, ಭೂಮಿಯು ಕಾಗದದ ಮೇಲೆ ಒಟ್ಟಿಗೇ ಉಳಿಯುವುದು ಸಾಮಾನ್ಯ ಕ್ರಮ. ಅಣ್ಣತಮ್ಮಂದಿರು ಹಿರಿಯರ ಎದುರಿನಲ್ಲಿ ಬಾಯಿಮಾತಿನಿಂದಲೋ ಒಂದು ಪಾಲುಪಟ್ಟಿಯಿಂದಲೋ ಹೊಲಗಳನ್ನು ಹಂಚಿಕೊಂಡು, ಅವರವರ ಪಾಲನ್ನು ಉತ್ತುಕೊಂಡಿರುತ್ತಾರೆ. ಪಹಣಿಯಲ್ಲಿ ಮಾತ್ರ ತಾತನ ಹೆಸರೋ ಎಲ್ಲರ ಜಂಟಿ ಹೆಸರೋ ಮುಂದುವರಿದಿರುತ್ತದೆ. ರಾಗಿ ಬೆಳೆಯುವ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಆದರೆ ಜಮೀನು ಮಾರಾಟಕ್ಕೆ ಬಂದಾಗ, ಅಥವಾ ಕೈಗಾರಿಕೆಗೆಂದು ಭೂಸ್ವಾಧೀನವಾಗಿ ಪರಿಹಾರದ ಹಣ ಬರುವಾಗ, ವಂಶವೃಕ್ಷವನ್ನು ಹಾಜರುಪಡಿಸಬೇಕಾಗುತ್ತದೆ. ಅದರಲ್ಲಿರುವ ಹಕ್ಕುದಾರರೆಲ್ಲರೂ ರುಜು ಹಾಕಬೇಕಾಗುತ್ತದೆ. ಹಿಂದೆ ಅರಸರ ಶಾಸನಗಳಿಗೆ ಬೇಕಾಗಿದ್ದ ವಂಶಾವಳಿ ಈಗ ಎರಡು ಎಕರೆಯ ರೈತನಿಗೂ ಬೇಕಾಗಿದೆ. ಮೂವತ್ತು ವರ್ಷದ ಹಿಂದೆ ಬೇರೆಯಾದ ಮನೆಗಳು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪುನಃ ಅವಿಭಕ್ತ ಕುಟುಂಬವಾಗುತ್ತವೆ.

ಈ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಸ್ಥಾನವೇನು? ಈ ಊರು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದುದು. ಸಂಸ್ಥಾನದ ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಪಾಲಿನ ಕಾಲದಲ್ಲಿ ತಾಯಿಗೂ ವಿಧವೆಯರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಭಾಗವಿಟ್ಟಿತ್ತು. ಆ ಕಾಲಕ್ಕೆ ಇದು ಮುಂದುವರಿದ ಹೆಜ್ಜೆ. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಪಾಲಿನಲ್ಲಿ ಮಗಳಿಗೆ ಅಂಶ ಕೊಟ್ಟಿತು. ೧೯೯೪ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಆ ವೇಳೆಗೆ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಹುಟ್ಟಿನಿಂದ ಸಮಭಾಗಿಗಳನ್ನಾಗಿ ಮಾಡಿತು. ೨೦೦೫ರ ಕೇಂದ್ರ ತಿದ್ದುಪಡಿಯು ವಿವಾಹಿತರನ್ನೂ ಒಳಗೊಂಡಿತು. ತಂದೆಯು ೨೦೦೫ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಬಾಧೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಬಾಯಿಮಾತಿನ ಪಾಲನ್ನು ಬಲವಾದ ಸಾರ್ವಜನಿಕ ದಾಖಲೆಯಿಲ್ಲದೆ ಒಪ್ಪಲಾಗದೆಂದೂ ಹೇಳಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಹಿಂದೆ ಮುಗಿದ ಕ್ರಮಬದ್ಧ ಪಾಲು, ಮಾರಾಟಗಳಿಗೆ ಮಾತ್ರ ರಕ್ಷಣೆಯಿದೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಪಿತ್ರಾರ್ಜಿತವಾದ ೩ ಎಕರೆ, ಎಂದರೆ ೧೨೦ ಗುಂಟೆ ಜಮೀನಿದೆಯೆನ್ನೋಣ. ಪತ್ನಿಯನ್ನು ಮೊದಲೇ ಕಳೆದುಕೊಂಡ ತಂದೆ, ಇಬ್ಬರು ಗಂಡುಮಕ್ಕಳು, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ೧೯೫೬ರ ನಿಯಮದಂತೆ ಮೊದಲು ತಂದೆ ಮತ್ತು ಗಂಡುಮಕ್ಕಳ ನಡುವೆ ೪೦ ಗುಂಟೆಯಂತೆ ಮೂರು ಪಾಲು. ತಂದೆಯ ೪೦ ಗುಂಟೆ ನಾಲ್ವರು ಮಕ್ಕಳಿಗೂ ಸಮ. ಮಗನಿಗೆ ೫೦ ಗುಂಟೆ, ಮಗಳಿಗೆ ೧೦ ಗುಂಟೆ. ೨೦೦೫ರ ನಿಯಮದಂತೆ ಐವರಿಗೂ ೨೪ ಗುಂಟೆ; ತಂದೆಯ ೨೪ ಗುಂಟೆ ಮಕ್ಕಳಿಗೆ ಸಮ. ಆಗ ಮಗನಿಗೂ ಮಗಳಿಗೂ ತಲಾ ೩೦ ಗುಂಟೆ. ಮಗಳ ಭಾಗ ಮೂರುಪಟ್ಟಾಯಿತು.

ರಾಗಿಯ ಹೊಲವಾಗಿದ್ದರೆ ಈ ಅಂತರವು ಕೆಲವು ಮೂಟೆಗಳ ಮಾತು. ಹೆದ್ದಾರಿಯ ಬದಿಯಲ್ಲಿ ಅದು ಒಂದು ಜೀವಮಾನದ ಗಳಿಕೆಗೂ ಮಿಕ್ಕ ಮೊತ್ತ. ಆದರೂ ಅನೇಕ ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವುದನ್ನು ಕಾಣುತ್ತೇವೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಪಾಲು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುವ ಭಯವಿದೆ. ಬಾಣಂತನ, ಗೌರಿಹಬ್ಬದ ಬಾಗಿನ, ಗಂಡನ ಮನೆಯಲ್ಲಿ ಕಷ್ಟವಾದರೆ ಬಂದು ನಿಲ್ಲುವ ಎಡೆ, ಇವೆಲ್ಲ ಹೊಣೆಯ ಬಂಧಕ್ಕೆ ಸೇರಿದವು. ಭೂಮಿಯ ಬಂಧವನ್ನು ಬಿಟ್ಟುಕೊಟ್ಟು ಅವಳು ಹೊಣೆಯ ಬಂಧವನ್ನು ಉಳಿಸಿಕೊಳ್ಳುತ್ತಾಳೆ. ಕಾನೂನು ಅವಳನ್ನು ಕುಟುಂಬದ ಒಳಗೆ ತಂದಿದೆ. ಆ ಕಾನೂನನ್ನು ಬಳಸಿದರೆ ಕುಟುಂಬದಿಂದ ಹೊರಗಾಗುವ ಅಂಜಿಕೆ ಅವಳಿಗಿದೆ. ಅವಿಭಕ್ತ ಕುಟುಂಬವನ್ನು ಹೊಗಳುವವರು ಈ ಬೆಲೆಯನ್ನು ತೆರುತ್ತಿರುವವರು ಯಾರೆಂಬುದನ್ನು ಮರೆಯಬಾರದು.

೭. ಸಾಲುಮನೆಗಳು: ಒಲೆ ಇಲ್ಲಿ, ಉಳಿದುದು ಊರಿನಲ್ಲಿ

ಇನ್ನು ಸಾಲುಮನೆಗಳ ಸಂಸಾರಗಳು. ಒಂದು ಕೋಣೆ, ಒಂದು ಅಡುಗೆಯ ಮೂಲೆ, ಗಂಡ, ಹೆಂಡತಿ, ಒಂದೋ ಎರಡೋ ಮಕ್ಕಳು: ನೋಡುವವರಿಗೆ ಇದು ಪಾಶ್ಚಾತ್ಯ ಗ್ರಂಥಗಳಲ್ಲಿ ವರ್ಣಿತವಾದ ವಿಭಕ್ತ ಕುಟುಂಬವೇ ಸರಿ. ಆದರೆ ಇಲ್ಲಿ ಬೇರೆಯಾಗಿರುವುದು ಒಲೆಯೊಂದೇ. ಪಿತ್ರಾರ್ಜಿತ ಹೊಲದಲ್ಲಿ ಗಂಡನ ಭಾಗವು ಊರಿನಲ್ಲಿದೆ. ಮನೆದೇವರ ಜಾತ್ರೆಗೂ ಯುಗಾದಿಗೂ ಸಂಸಾರವು ಬಸ್ಸು ಹತ್ತುತ್ತದೆ; ದಾಯಾದಿಗಳಲ್ಲಿ ಸಾವಾದರೆ ಇಲ್ಲಿಯೂ ಸೂತಕ. ಸಂಬಳದ ಒಂದು ಭಾಗ ತಂದೆತಾಯಿಗಳಿಗೆ ಹೋಗುತ್ತದೆ. ಊರಿನಿಂದ ರಾಗಿಯೋ ಜೋಳವೋ ಚೀಲದಲ್ಲಿ ಬರುತ್ತದೆ. ತಾಯಿಯು ಉಡುಪಿನ ಕಾರ್ಖಾನೆಯಲ್ಲಿ ದುಡಿಯುವವಳಾದರೆ ಮಗುವನ್ನು ನೋಡಿಕೊಳ್ಳಲು ಅಜ್ಜಿ ಬಂದು ಕೆಲವು ತಿಂಗಳು ನಿಲ್ಲುತ್ತಾಳೆ, ಅಥವಾ ಮಗುವೇ ಅಜ್ಜಿಯ ಬಳಿಗೆ ಹೋಗಿ ಅಲ್ಲಿಯ ಶಾಲೆ ಸೇರುತ್ತದೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಸಂಸ್ಥೆಗಳು ಶಿಶುವಿಹಾರವನ್ನು ಒದಗಿಸಬೇಕೆಂದು ೨೦೧೭ರಲ್ಲಿ ಹೆರಿಗೆ ಸೌಲಭ್ಯದ ಕಾನೂನು ತಿದ್ದುಪಡಿಯಾಯಿತು. ಚಿಕ್ಕ ಕಾರ್ಖಾನೆಗಳ ಕೆಲಸಗಾರ್ತಿಯರಿಗೆ ಅದು ಅನ್ವಯಿಸದು.

ಸೊಸೆಯ ದೃಷ್ಟಿಯಿಂದ ಈ ಒಂದು ಕೋಣೆಯಲ್ಲಿ ಲಾಭವೂ ನಷ್ಟವೂ ಉಂಟು. ಒಲೆಯ ಮೇಲೆ ಏನಿಡಬೇಕೆಂಬುದನ್ನು ಅವಳೇ ತೀರ್ಮಾನಿಸುತ್ತಾಳೆ. ತನ್ನ ಸಂಬಳದ ಲೆಕ್ಕವನ್ನು ಅವಳೇ ಇಡಬಲ್ಲಳು. ಆದರೆ ಜ್ವರ ಬಂದ ದಿನ ಒಲೆ ಹಚ್ಚುವ ಮತ್ತೊಂದು ಕೈ ಇಲ್ಲ.

ಇಲ್ಲಿಯೇ ಹಿಂದಿನ ಪ್ರಶ್ನೆಗೆ ಉತ್ತರವಿದೆ. ಇಂಗ್ಲೆಂಡಿನ ಚಿಕ್ಕ ಸಂಸಾರದ ಬೆನ್ನಿಗೆ ಊರಿನ ತೆರಿಗೆಯ ಹಣವಿತ್ತು. ಮಾದನಾಯಕನಹಳ್ಳಿಯ ಚಿಕ್ಕ ಸಂಸಾರದ ಬೆನ್ನಿಗೆ ಇರುವುದು ಊರಿನ ದೊಡ್ಡ ಮನೆ. ೧೯೪೮ರ ಕಾನೂನಿನಿಂದ ಆರಂಭವಾದ ನೌಕರರ ರಾಜ್ಯ ವಿಮಾ ಯೋಜನೆಯು ನಿಗದಿಯಾದ ಸಂಬಳದ ಮಿತಿಯೊಳಗಿನ ಕಾರ್ಮಿಕರಿಗೆ ಚಿಕಿತ್ಸೆಯನ್ನು ಒದಗಿಸುತ್ತದೆ. ಅವಲಂಬಿತ ತಂದೆತಾಯಿಗಳನ್ನೂ ಕುಟುಂಬದಲ್ಲಿ ಸೇರಿಸಿದೆ. ಆದರೆ ಲೆಕ್ಕಪುಸ್ತಕದಲ್ಲಿ ಹೆಸರಿಲ್ಲದ ಗುತ್ತಿಗೆಯ ಆಳಿಗೆ ಅದರ ನೆರವು ದೊರೆಯುವುದು ಕಷ್ಟ. ಕಾರ್ಖಾನೆ ಮುಚ್ಚಿದಾಗ ಆಸರೆ ಎಲ್ಲಿತ್ತೆಂಬುದನ್ನು ೨೦೨೦ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿದಾಗ ನಾವು ಕಂಡೆವು. ಕಾರ್ಮಿಕರು ಹೊರಟುದು ತಮ್ಮ ಊರುಗಳಿಗೆ.

೮. ಉಪಸಂಹಾರ

ಆಡಳಿತವು ಒಲೆಯನ್ನು ಮಾತ್ರ ಎಣಿಸಿದರೆ ಏನಾಗುವುದೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದಿದೆ. ೨೦೨೩ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿ ಕೊಡುವಂಥದು. ಪಡಿತರ ಚೀಟಿಯಲ್ಲಿ ಯಾರು ಯಜಮಾನಿಯೋ ಅವಳಿಗೆ ಹಣವೆಂದಾಗ, ಅತ್ತೆಗೋ ಸೊಸೆಗೋ ಎಂಬ ಚರ್ಚೆ ರಾಜ್ಯದಲ್ಲೆಲ್ಲ ಎದ್ದಿತು. ಹಲವರು ನಕ್ಕರು. ಆದರೆ ಅದು ನಗೆಯ ಮಾತಲ್ಲ. ಅತ್ತೆ ಊರಿನಲ್ಲಿದ್ದು ಸೊಸೆ ಕೈಗಾರಿಕಾ ಪ್ರದೇಶದಲ್ಲಿದ್ದರೆ, ಚೀಟಿ ಒಂದೇ ಆಗಿದ್ದರೆ, ಕುಟುಂಬ ಒಂದೋ ಎರಡೋ ಎಂಬುದು ಚರಿತ್ರೆಯೂ ಸಮಾಜಶಾಸ್ತ್ರವೂ ಬಹುಕಾಲದಿಂದ ಕೇಳುತ್ತಿರುವ ಪ್ರಶ್ನೆಯೇ. ಹಾಗೆಯೇ ೨೦೦೭ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನು ಹೊಣೆಯ ಬಂಧವನ್ನು ನ್ಯಾಯಮಂಡಳಿಯ ಮುಂದೆ ತಂದಿದೆ. ಇಂಗ್ಲೆಂಡು ಊರಿನ ಮೇಲೆ, ಜಪಾನು ವಿಮೆಯ ಮೇಲೆ ಹೊರಿಸಿದ ಭಾರವನ್ನು ನಾವು ಬಹುಮಟ್ಟಿಗೆ ಮಕ್ಕಳ ಮೇಲೆಯೇ ಬಿಟ್ಟಿದ್ದೇವೆ.

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕೈಗಾರಿಕೆಯು ಅವಿಭಕ್ತ ಕುಟುಂಬವನ್ನು ಒಡೆದು ವಿಭಕ್ತ ಕುಟುಂಬವನ್ನು ಹುಟ್ಟಿಸಿತೆಂಬ ಸೂತ್ರವು ಇಂಗ್ಲೆಂಡಿಗೂ ಮಾದನಾಯಕನಹಳ್ಳಿಗೂ ಹೊಂದುವುದಿಲ್ಲ. ಇಲ್ಲಿನ ಮೂಲನಿವಾಸಿಗಳಲ್ಲಿ ಕೈಗಾರಿಕೆಯು ಭೂಮಿಯ ಬೆಲೆಯನ್ನು ಏರಿಸಿ, ಬೇರೆಯಾದವರನ್ನು ಕಾಗದದ ಮೇಲೆ ಮತ್ತೆ ಒಂದುಗೂಡಿಸಿದೆ; ವಲಸೆ ಬಂದವರಲ್ಲಿ ಒಲೆಯನ್ನು ಬೇರ್ಪಡಿಸಿದರೂ ಉಳಿದ ಬಂಧಗಳನ್ನು ಅವಲಂಬಿಸಿಯೇ ನಿಂತಿದೆ. ಅಗ್ಗದ ಕೂಲಿಗೆ ಜನ ದೊರೆಯುವುದು, ಕೂಲಿ ಸಾಲದಾದಾಗ ಹಳ್ಳಿಯ ಮನೆ ಆ ಕೊರತೆಯನ್ನು ತುಂಬುವುದರಿಂದ. ಆ ಮನೆಯಲ್ಲಿರುವ ಮುದುಕರ ದುಡಿಮೆಯೂ, ರುಜು ಹಾಕಿಕೊಟ್ಟ ಹೆಣ್ಣುಮಕ್ಕಳ ಪಾಲೂ ಇದರಲ್ಲಿ ಸೇರಿವೆ. ಆದುದರಿಂದ ಒಂದು ಕುಟುಂಬವು ವಿಭಕ್ತವೋ ಅವಿಭಕ್ತವೋ ಎಂದು ವಿಂಗಡಿಸುವುದರಲ್ಲಿ ತೃಪ್ತರಾಗದೆ, ಅದರ ಒಲೆ ಎಲ್ಲಿದೆ, ಭೂಮಿ ಯಾರ ಹೆಸರಿನಲ್ಲಿದೆ, ದೇವರು ಯಾವ ಊರಿನಲ್ಲಿದೆ, ಕಷ್ಟಕಾಲದ ಹೊಣೆ ಯಾರದು ಎಂದು ಒಂದೊಂದನ್ನೂ ಪ್ರತ್ಯೇಕವಾಗಿ ವಿಚಾರಿಸುವುದು ಸಂಶೋಧಕರಿಗೆ ಉಚಿತವಾದ ಮಾರ್ಗ. ಪಹಣಿಗಳು, ಪಾಲುಪಟ್ಟಿಗಳು, ಬಿಡುಗಡೆ ಪತ್ರಗಳು, ಪಡಿತರ ಚೀಟಿಗಳು ಇದಕ್ಕೆ ಬೇಕಾದ ಸಾಮಗ್ರಿಯನ್ನು ಹೇರಳವಾಗಿ ಒದಗಿಸುತ್ತವೆ. ಹೆದ್ದಾರಿಯ ಅಂಚಿನ ಊರುಗಳಲ್ಲಿ ಹಳೆಯ ಕಾಗದಗಳು ಬೇಗ ಬೇಗ ಕೈಬದಲಾಗುತ್ತಿರುವ ಈ ಕಾಲದಲ್ಲಿ ಅವುಗಳ ಸಂಗ್ರಹವನ್ನು ತಡಮಾಡದೆ ಕೈಗೊಳ್ಳುವುದು ಅಗತ್ಯ.